ಮಗುವಿನ ಕಲಿಕೆ ಅಪ್ಪ-ಅಮ್ಮನ ಮೊಬೈಲಿಗೆ: ಫೋಟೊ ಕಳಿಸಿದ್ರೆ ಮುಗೀತಾ? ಘಟ್ಟದ ಅಂಚಿನ ಊರುಗಳ ಲೆಕ್ಕವೇ ಬೇರೆ

ಮಾರನಹಳ್ಳಿ (ಸಕಲೇಶಪುರ ತಾ.): ಕಾಡಾನೆ ಹಿಂಡು ಯಾವ ತೋಟದಲ್ಲಿದೆ ಅನ್ನೋದು ಸಕಲೇಶಪುರ, ಆಲೂರು ಭಾಗದ ಜನರಿಗೆ ಈಗ ಮೊಬೈಲಿನಲ್ಲೇ ಗೊತ್ತಾಗುತ್ತೆ. ಎಸ್ಸೆಮ್ಮೆಸ್ ಬರುತ್ತೆ, ಧ್ವನಿ ಕರೆ ಬರುತ್ತೆ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹರಿದಾಡುತ್ತೆ, ರಸ್ತೆ ಬದಿಯ ಎಲ್‌ಇಡಿ ಫಲಕದಲ್ಲೂ ಕಾಣುತ್ತೆ. ಆದರೆ ಮೂರನೇ ಕ್ಲಾಸಿನ ಮಗ ಕನ್ನಡದ ಒಂದು ಪುಟವನ್ನು ತಡವರಿಸದೆ ಓದ್ತಾನಾ ಇಲ್ವಾ ಅನ್ನೋದು ಅದೇ ಮೊಬೈಲಿನಲ್ಲಿ ಗೊತ್ತಾಗಲ್ಲ. ಶಾಲೆ ಗ್ರೂಪಿಗೆ ಬರೋದು ನಾಳೆ ರಜೆ, ಮೊಟ್ಟೆ ವಿತರಣೆ, ಆಧಾರ್ ಜೆರಾಕ್ಸ್ ತನ್ನಿ, ಬ್ಯಾಂಕ್ ಪಾಸ್‌ಬುಕ್ ತನ್ನಿ ಅನ್ನೋ ಸುದ್ದಿಗಳೇ.

ಈ ಕೊರತೆ ತುಂಬೋಕೆ ಅಂತ ದೇಶದ ಹಲವು ಕಡೆ ಈಗ ಹೇಳ್ತಿರೋ ಮದ್ದು ಡಿಜಿಟಲ್ ಪೋರ್ಟ್‌ಫೋಲಿಯೊ. ಮಗು ಬರೆದದ್ದು, ಬಿಡಿಸಿದ್ದು, ಓದಿದ್ದು, ಲೆಕ್ಕ ಮಾಡಿದ್ದು ಎಲ್ಲವನ್ನೂ ಫೋಟೊ, ಆಡಿಯೊ, ವಿಡಿಯೊ ಮಾಡಿ ಒಂದೇ ಕಡೆ ಇಡೋದು, ಅದನ್ನ ಮನೆಯವರು ಮೊಬೈಲಿನಲ್ಲೇ ನೋಡೋದು. ಪಟ್ಟಣದ ಖಾಸಗಿ ಶಾಲೆಗಳಲ್ಲಿ ಆ್ಯಪ್ ಮೂಲಕ ಇದು ಆಗಲೇ ನಡೀತಿದೆ. ಪ್ರಶ್ನೆ ಇರೋದು, ಶಿರಾಡಿ ಘಾಟಿಯ ಅಂಚಿನ ಸರ್ಕಾರಿ ಶಾಲೆಗೆ, ಎಸ್ಟೇಟ್ ಲೈನಿನ ಮನೆಗೆ ಇದು ಎಷ್ಟರ ಮಟ್ಟಿಗೆ ಉಪಯೋಗ?

ಹೆಸರು ಹೊಸದು, ಕಡತ ಹಳೇದು

ಪೋರ್ಟ್‌ಫೋಲಿಯೊ ಅನ್ನೋ ಪದ ಕೇಳಿ ಗಾಬರಿ ಬೀಳೋದು ಬೇಡ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ 'ಕೃತಿ ಸಂಪುಟ' ಅಂತ ಹೆಸರಿದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗಿನಿಂದ ಪ್ರತಿ ಮಗುವಿನ ಹೆಸರಲ್ಲೂ ಒಂದು ಫೈಲ್ ಇಡಬೇಕು ಅನ್ನೋ ಪದ್ಧತಿ ನಡೆದುಕೊಂಡು ಬಂದಿದೆ. ಮಗುವಿನ ಚಿತ್ರ, ಕಥೆ, ಯೋಜನೆ ಕೆಲಸ, ಕಿರು ಪರೀಕ್ಷೆ ಹಾಳೆ ಎಲ್ಲ ಅದರೊಳಗೆ. 2022-23ರಲ್ಲಿ ಕೋವಿಡ್ ನಷ್ಟ ಸರಿಪಡಿಸೋಕೆ ತಂದ 'ಕಲಿಕಾ ಚೇತರಿಕೆ'ಯ ಕಲಿಕಾ ಹಾಳೆಗಳೂ ಇದೇ ಜಾಡಿನವು.

ಅದಕ್ಕೂ ಮುಂಚೆ ನಲಿಕಲಿ ಬಂತು. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಅದು. ಅದರಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲು ಇದೆ, ಪ್ರಗತಿ ನೋಟ ಇದೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಅಕ್ಷರ ಬಾರದ ತಾಯಿಗೂ ಬೆರಳಿಟ್ಟು ತೋರಿಸಬಹುದಾದ ವ್ಯವಸ್ಥೆ.

ಅಂದ್ರೆ ವಸ್ತು ಶಾಲೆಯಲ್ಲೇ ಇದೆ. ಆದರೆ ಅದು ಬೀರುವಿನೊಳಗೆ ಇರುತ್ತೆ. ಅಧಿಕಾರಿ ಭೇಟಿ ಕೊಟ್ಟಾಗ ಹೊರಗೆ ಬರುತ್ತೆ, ಮತ್ತೆ ಒಳಗೆ ಹೋಗುತ್ತೆ. ಪೋಷಕರ ಕೈಗೆ ಸಿಗೋದು ಬಹುತೇಕ ಅಂಕಪಟ್ಟಿ ಮಾತ್ರ.

ಆ ಅಂಕಪಟ್ಟಿಯಲ್ಲಿ ಏನಿರುತ್ತೆ? ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ ಅನ್ನೋ ಶ್ರೇಣಿ. ಮಗುವಿಗೆ ಗಣಿತದಲ್ಲಿ 'ಬಿ' ಬಂತು ಅಂದ್ರೆ ತಂದೆಗೆ ಅರ್ಥ ಆಗೋದು ಏನು? ದಶಕ ತೆಗೆದುಕೊಂಡು ಕಳೆಯೋದು ಬರಲ್ಲ ಅಂತಾನಾ, ಮಗ್ಗಿ ಬರಲ್ಲ ಅಂತಾನಾ? ಒಂದಕ್ಷರದಲ್ಲಿ ಅದು ತಿಳಿಯಲ್ಲ. ಅದೇ ಲೆಕ್ಕದ ಹಾಳೆಯನ್ನೇ ಕಣ್ಣಿಗೆ ಹಿಡಿದರೆ, ದಿನಾ ಗಲ್ಲದ ಮುಂದೆ ಕೂತು ಚಿಲ್ಲರೆ ಎಣಿಸೋ ಅಂಗಡಿಯವನಿಗೆ ಮಗ ಎಲ್ಲಿ ತಪ್ಪಿದ ಅನ್ನೋದು ಅರೆ ನಿಮಿಷದಲ್ಲಿ ಗೊತ್ತಾಗುತ್ತೆ. ಕೃತಿ ಸಂಪುಟದ ಬಲ ಇರೋದು ಇಲ್ಲೇ.

ಮಾಹಿತಿ ಮೇಲಕ್ಕೆ ಹೋಗುತ್ತೆ, ಮನೆಗೆ ಬರಲ್ಲ

ಪೋಷಕರಿಗೆ ಹೇಳಬೇಕು ಅನ್ನೋದು ಶಿಕ್ಷಕರ ಔದಾರ್ಯದ ವಿಷಯ ಅಲ್ಲ, ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸೋದು ಶಿಕ್ಷಕರ ಕರ್ತವ್ಯ. ರಾಜ್ಯದಲ್ಲಿ 'ಸಮುದಾಯದತ್ತ ಶಾಲೆ' ಅನ್ನೋ ಕಾರ್ಯಕ್ರಮವೂ ಇದೆ. ಮೌಲ್ಯಮಾಪನ ಮುಗಿದ ಮೇಲೆ ಪೋಷಕರನ್ನ ಕರೆದು ಫಲಿತಾಂಶ ತೋರಿಸೋದೇ ಅದರ ಉದ್ದೇಶ. 2001ರಿಂದ ಎಸ್‌ಡಿಎಂಸಿಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಬರೀ ಅಂಕದ ಬದಲು ಸಮಗ್ರ ಪ್ರಗತಿ ಪತ್ರ ಬೇಕು, ಅದು ಮನೆ ಮತ್ತು ಶಾಲೆ ನಡುವಿನ ಕೊಂಡಿ ಆಗಬೇಕು ಅಂತ ಹೇಳಿತು.

ಇಷ್ಟೆಲ್ಲ ಇದ್ದರೂ ಡಿಜಿಟಲ್ ಅನ್ನೋದು ಶಾಲೆಗೆ ಕಾಲಿಟ್ಟಿದ್ದು ಇಲಾಖೆಯ ಕಡೆಗೆ ಮುಖ ಮಾಡಿಕೊಂಡು. ಎಸ್‌ಎಟಿಎಸ್‌ಗೆ ಮಕ್ಕಳ ವಿವರ, ಅಂಕ ತುಂಬಬೇಕು. ಯುಡೈಸ್ ಪ್ಲಸ್‌ಗೆ ಶಾಲೆಯ ವಿವರ ತುಂಬಬೇಕು. ಬಿಸಿಯೂಟ ಎಷ್ಟು ಮಕ್ಕಳು ಉಂಡರು ಅಂತ ವರದಿ ಹೋಗಬೇಕು. ಅಪಾರ್ ಐಡಿ ಮಾಡಿಸಬೇಕು. ಎಲ್ಲವೂ ಶಾಲೆಯಿಂದ ಬ್ಲಾಕಿಗೆ, ಬ್ಲಾಕಿನಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರು, ದಿಲ್ಲಿಗೆ. ಮಗುವಿನ ಅಂಕ ಸರ್ವರ್ ಸೇರಿಯಾಗಿದೆ, ಆದರೆ ಶಾಲೆಯಿಂದ ಅರ್ಧ ಕಿಲೋಮೀಟರ್ ದೂರದ ಮನೆಗೆ ಆ ವಿಷಯ ಮುಟ್ಟಿರಲ್ಲ.

ಡಿಜಿಟಲ್ ಕೃತಿ ಸಂಪುಟ ಬಂದ್ರೂ ಇದೇ ದಾರಿ ಹಿಡಿಯೋ ಅಪಾಯ ಇದೆ. ಎಷ್ಟು ಮಕ್ಕಳ ಫೋಟೊ ಅಪ್‌ಲೋಡ್ ಆಯ್ತು ಅಂತ ಮೇಲಿನಿಂದ ಲೆಕ್ಕ ಕೇಳೋಕೆ ಶುರುವಾದ್ರೆ, ಅಪ್‌ಲೋಡ್ ಮಾತ್ರ ನಡೆಯುತ್ತೆ. ಎಷ್ಟು ತಾಯಂದಿರು ನೋಡಿದರು ಅಂತ ಯಾರೂ ಕೇಳಲ್ಲ.

ಕೋವಿಡ್ ಕಲಿಸಿದ ಪಾಠ

ಮೊಬೈಲ್ ಮೂಲಕ ಶಾಲೆ-ಮನೆ ಸಂಪರ್ಕದ ದೊಡ್ಡ ಪರೀಕ್ಷೆ 2020ರಲ್ಲಿ ನಡೆದುಹೋಯ್ತು. ಶಾಲೆ ಮುಚ್ಚಿದಾಗ ವಾಟ್ಸ್ಆ್ಯಪ್‌ನಲ್ಲಿ ಹೋಂವರ್ಕ್, ಚಂದನದಲ್ಲಿ ಪಾಠ. ಅದು ಎಲ್ಲರಿಗೂ ಮುಟ್ಟಲ್ಲ ಅಂತ ಗೊತ್ತಾಗಿ ಆಗಸ್ಟ್‌ನಲ್ಲಿ 'ವಿದ್ಯಾಗಮ' ತಂದರು. ಮೇಷ್ಟ್ರುಗಳೇ ಊರಿಗೆ, ಗುಡಿ ಜಗಲಿಗೆ, ಮರದ ನೆರಳಿಗೆ ಬಂದು ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು, 2021ರ ಜನವರಿಯಲ್ಲಿ ಮತ್ತೆ ಶುರುವಾಯ್ತು.

ಆ ಕಾಲದ ಅಂಕಿ ನೋಡಿ. 2021ರ ಅಸರ್ ವರದಿ ಪ್ರಕಾರ, ದೇಶದ ಹಳ್ಳಿಗಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಶಾಲಾ ಮಕ್ಕಳ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2021ಕ್ಕೆ ಶೇ 67.6 ಆಯ್ತು. ಮೂರೇ ವರ್ಷದಲ್ಲಿ ಹೆಚ್ಚು ಕಡಿಮೆ ದುಪ್ಪಟ್ಟು. ಆದರೆ ಮನೇಲಿ ಫೋನ್ ಇದ್ದೂ ಮಗುವಿನ ಕೈಗೆ ಸಿಗದೇ ಇರೋರು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು. ಕಾರಣ ಎಲ್ಲರಿಗೂ ಗೊತ್ತಿರೋದೇ: ಫೋನ್ ಅಪ್ಪನ ಜೇಬಲ್ಲಿ ತೋಟಕ್ಕೋ ಲಾರಿಗೋ ಹೋಗಿರುತ್ತೆ.

2024ರ ಅಸರ್ ವರದಿ ಹೊತ್ತಿಗೆ 14ರಿಂದ 16 ವರ್ಷದ ಮಕ್ಕಳಲ್ಲಿ ಹತ್ತಿರತ್ತಿರ ಶೇ 90ರಷ್ಟು ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸೋಕೆ ಬರುವವರಲ್ಲಿ ಹಿಂದಿನ ವಾರ ಅದನ್ನ ಓದಿಗೆ ಬಳಸಿದವರು ಶೇ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಫೋನ್ ಬಂದ ಮಾತ್ರಕ್ಕೆ ಓದು ಬರಲ್ಲ ಅನ್ನೋಕೆ ಬೇರೆ ಸಾಕ್ಷಿ ಬೇಡ.

ಇಲ್ಲಿನ ನೆಲ, ಇಲ್ಲಿನ ಕಷ್ಟ

ಈ ದೇಶದ ಲೆಕ್ಕವನ್ನ ಮಲೆನಾಡಿಗೆ ತಂದು ಇಟ್ಟರೆ ಇನ್ನೂ ನಾಲ್ಕು ತೊಡಕು ಸೇರಿಕೊಳ್ಳುತ್ತೆ.

ಮೊದಲನೇದು ಮಳೆ ಮತ್ತು ಸಿಗ್ನಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಕರೆಂಟ್ ಇಲ್ಲದಿದ್ರೆ ಟವರೂ ಮಲಗುತ್ತೆ. 2018ರ ಆಗಸ್ಟ್‌ನಲ್ಲಿ ಘಾಟಿ ಕುಸಿದು ಹೆದ್ದಾರಿ ಬಂದ್ ಆಗಿತ್ತು. 2024ರ ಜುಲೈನಲ್ಲಿ ಮಾರನಹಳ್ಳಿ ಹತ್ತಿರದ ದೊಡ್ಡತಪ್ಲು ಬಳಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ವಾಹನ ನಿಂತವು. ಇಂಥ ದಿನಗಳಲ್ಲಿ ಜಿಲ್ಲಾಡಳಿತ ರಜೆ ಕೊಡುತ್ತೆ. ಮಗು ಮನೇಲಿರೋ ಈ ದಿನಗಳಲ್ಲೇ ಪೋಷಕರಿಗೆ ಶಾಲೆಯ ಮಾಹಿತಿ ಹೆಚ್ಚು ಬೇಕು, ಆಗಲೇ ವಿಡಿಯೊ ತೆರೆಯಲ್ಲ.

ಎರಡನೇದು ಕಾಫಿ ಕಾಲ. ನವೆಂಬರ್‌ನಿಂದ ಅರೇಬಿಕಾ, ಜನವರಿ ಆಚೆಗೆ ರೋಬಸ್ಟಾ. ಕುಯ್ಲಿನ ಮೂರ್ನಾಲ್ಕು ತಿಂಗಳು ಅಪ್ಪ-ಅಮ್ಮ ಇಬ್ಬರೂ ಬೆಳಿಗ್ಗೆ ತೋಟಕ್ಕೆ ಹೋದ್ರೆ ಬರೋದು ಸಂಜೆ. ಮಧ್ಯಾಹ್ನ ಮೂರು ಗಂಟೆಗೆ ಪೋಷಕರ ಸಭೆ ಇಟ್ಟರೆ ಬರಬೇಕಾದವರು ಅರ್ಧ ದಿನದ ಕೂಲಿ ಬಿಟ್ಟು ಬರಬೇಕು. ಅವರಿಗೆ ಕಾಳಜಿ ಇಲ್ಲ ಅನ್ನೋದು ಸುಲಭ, ಅವರ ಹಾಜರಿ ಲೆಕ್ಕ ನೋಡೋದು ಕಷ್ಟ.

ಮೂರನೇದು ಭಾಷೆ. ಎಸ್ಟೇಟ್ ಲೈನುಗಳಲ್ಲಿ ಈಗ ಅಸ್ಸಾಂ ಕಡೆಯ ಕುಟುಂಬಗಳಿವೆ, ತಮಿಳು ಮನೆಮಾತಿನವರಿದ್ದಾರೆ, ಉತ್ತರ ಕರ್ನಾಟಕದವರಿದ್ದಾರೆ. ಕನ್ನಡದ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿದ್ರೆ ಅದನ್ನ ಓದಿಕೊಡೋರು ಬೇಕು. ಆ ಕೆಲಸ ಮಾಡೋದು ಎಷ್ಟೋ ಸಲ ಅದೇ ಮಗು. ಮಗು ತನ್ನ ತಪ್ಪನ್ನ ತಾನೇ ಓದಿ ಹೇಳುವಾಗ ಎಷ್ಟು ಹೇಳುತ್ತೋ ಅಷ್ಟೇ ಮನೆಗೆ ಗೊತ್ತಾಗೋದು.

ನಾಲ್ಕನೇದು ಗುಳೆ. ತೋಟದ ಕೆಲಸ ಮುಗಿದ ಮೇಲೆ ಕುಟುಂಬ ಬೇರೆ ತಾಲ್ಲೂಕಿಗೋ ಸ್ವಂತ ಊರಿಗೋ ಹೋಗುತ್ತೆ. ಕಾಗದದ ಕೃತಿ ಸಂಪುಟ ಇಲ್ಲಿನ ಬೀರುವಿನಲ್ಲೇ ಉಳಿಯುತ್ತೆ, ಹೊಸ ಶಾಲೆ ಮೇಷ್ಟ್ರು ಮಗುವನ್ನ ಮತ್ತೆ ಮೊದಲಿಂದ ಅಳೀಬೇಕು. ಡಿಜಿಟಲ್ ಕಡತಕ್ಕೆ ಇಲ್ಲಿ ನಿಜವಾದ ಉಪಯೋಗ ಇದೆ. ಹತ್ತು ಫೋಟೊ, ಎರಡು ಆಡಿಯೊ ತಾಯಿಯ ಫೋನಿನಲ್ಲಿ ಇದ್ದರೆ ಮಗುವಿನ ಕಲಿಕೆಯ ದಾಖಲೆ ಮಗುವಿನ ಜೊತೆಗೇ ಹೋಗುತ್ತೆ.

ಬೇರೆ ದೇಶಗಳಲ್ಲಿ ಏನು ಕಂಡಿದೆ

ಆಫ್ರಿಕಾದ ಬೋಟ್ಸ್‌ವಾನಾದಲ್ಲಿ 2020ರಲ್ಲಿ ಶಾಲೆ ಮುಚ್ಚಿದಾಗ ಒಂದು ಪ್ರಯೋಗ ನಡೀತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಸೆಮ್ಮೆಸ್ ಮಾತ್ರ. ಇನ್ನು ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ ಜೊತೆಗೆ 15-20 ನಿಮಿಷದ ಫೋನ್ ಕರೆ. ಕರೆ ಹೋದ ಮನೆಯ ಮಕ್ಕಳ ಲೆಕ್ಕ ಸುಧಾರಿಸ್ತು. ಬರೀ ಎಸ್ಸೆಮ್ಮೆಸ್ ಹೋದ ಕಡೆ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. 2022ರಲ್ಲಿ ಇದರ ಫಲಿತಾಂಶ ಪ್ರಕಟ ಆಯ್ತು. ಆಮೇಲೆ ಭಾರತ, ನೇಪಾಳ, ಕೆನ್ಯಾ, ಉಗಾಂಡಾ, ಫಿಲಿಪ್ಪೀನ್ಸ್‌ಗಳಲ್ಲೂ ಇಂಥದ್ದೇ ಪ್ರಯೋಗ ಮಾಡಿದರು.

ದಕ್ಷಿಣ ಅಮೆರಿಕದ ಚಿಲಿಯಲ್ಲಿ ಇನ್ನೊಂದು ಪ್ರಯೋಗ. ಮಗುವಿನ ಹಾಜರಾತಿ, ನಡತೆ, ಗಣಿತದ ಅಂಕವನ್ನ ಆಗಾಗ ಪೋಷಕರಿಗೆ ಎಸ್ಸೆಮ್ಮೆಸ್‌ನಲ್ಲಿ ತಿಳಿಸಿದರು. ಅಲ್ಲಿ ಹಾಜರಾತಿಯೂ ಹೆಚ್ಚಿತು, ಗಣಿತದ ಅಂಕವೂ ಏರಿತು.

ಎರಡನ್ನೂ ಜೊತೆಗಿಟ್ಟು ನೋಡಿದ್ರೆ ಒಂದು ವಿಷಯ ಸ್ಪಷ್ಟ. ಚಿಲಿಯ ಪೋಷಕರಿಗೆ ಹೋದದ್ದು ಅವರದೇ ಮಗುವಿನ ಬಗ್ಗೆ, ಸಣ್ಣದಾಗಿ, ಮತ್ತೆ ಮತ್ತೆ ಹೋದ ಸುದ್ದಿ. ಬೋಟ್ಸ್‌ವಾನಾದಲ್ಲಿ ಫಲ ಕೊಟ್ಟಿದ್ದು ಆ ಕಡೆಯಿಂದ ಒಬ್ಬರು ಮಾತಾಡಿದ್ದು. ಎಲ್ಲರಿಗೂ ಒಂದೇ ಫಾರ್ವರ್ಡ್ ಹಾಕೋದು ಇವೆರಡರಲ್ಲಿ ಯಾವುದೂ ಅಲ್ಲ.

ಆನೆ ಸಂದೇಶ ಇಲ್ಲಿ ಕೆಲಸ ಮಾಡೋದೂ ಇದೇ ಕಾರಣಕ್ಕೆ. ಅದು ಚಿಕ್ಕದು. ಕಿವಿಗೆ ಕೇಳುತ್ತೆ. ನಮ್ಮೂರಿನ ಹೆಸರಿರುತ್ತೆ. ಕೇಳಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿರುತ್ತೆ: ಆ ದಾರೀಲಿ ಹೋಗಬಾರದು. ಶಾಲೆಯ ಸಂದೇಶಕ್ಕೂ ಈ ನಾಲ್ಕು ಗುಣ ಇದ್ದರೆ ಸಾಕು, ದುಬಾರಿ ಆ್ಯಪ್ ಬೇಕಾಗಿಲ್ಲ.

ಮೇಷ್ಟ್ರಿಗೆ ಇನ್ನೊಂದು ಹೊರೆಯಾ?

ಘಟ್ಟದ ಊರುಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಐದು ತರಗತಿ ನೋಡಿಕೊಳ್ಳೋದು ಸಾಮಾನ್ಯ. ಮೇಲೆ ಹೇಳಿದ ಆನ್‌ಲೈನ್ ಕೆಲಸಗಳ ಜೊತೆಗೆ ಗಣತಿ, ಚುನಾವಣೆ ಕೆಲಸ ಬೇರೆ. ಇವರಿಗೆ ಪ್ರತಿ ಮಗುವಿನ ವಿಡಿಯೊ ವಾರ ವಾರ ಹಾಕಿ ಅಂದ್ರೆ ಪಾಠದ ಹೊತ್ತೇ ಕಳೆದುಹೋಗುತ್ತೆ. ಅವರ ಸ್ವಂತ ಫೋನು, ಸ್ವಂತ ಡೇಟಾ ಅನ್ನೋದನ್ನೂ ಮರೆಯೋ ಹಾಗಿಲ್ಲ.

ಲೆಕ್ಕ ಹಾಕಿ ನೋಡಿ. ಶಾಲೆಯಲ್ಲಿ 24 ಮಕ್ಕಳಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಮಗುವಿಗೆ ತಿಂಗಳಿಗೊಮ್ಮೆ ಐದು ನಿಮಿಷ ಅಂದ್ರೂ ತಿಂಗಳಿಗೆ ಎರಡು ಗಂಟೆ. ವಾರಕ್ಕೊಮ್ಮೆ ಅಂದ್ರೆ ಎಂಟು ಗಂಟೆ, ಅಂದ್ರೆ ಒಂದು ಪೂರ್ತಿ ಶಾಲಾ ದಿನಕ್ಕಿಂತ ಹೆಚ್ಚು. ತಿಂಗಳಿಗೊಮ್ಮೆ ಆಗುವಂಥದ್ದು, ವಾರಕ್ಕೊಮ್ಮೆ ಆಗದ್ದು. ಹಳೇ ದಾಖಲೆಯೊಂದನ್ನ ಬಿಡಿಸಿ ಹೊಸದನ್ನ ಕೊಟ್ಟರೆ ಶಿಕ್ಷಕರು ಒಪ್ಪಬಹುದು. ಕಾಗದದ ಫೈಲೂ ಇಡಿ, ಮೊಬೈಲಿಗೂ ಹಾಕಿ ಅಂದ್ರೆ ಎರಡೂ ಕಾಟಾಚಾರ ಆಗುತ್ತೆ.

ಅಂಗಡಿಯವರಿಗೆ ಗೊತ್ತಿರೋ ಭಯ

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಏನಾಯ್ತು ಅಂತ ವರ್ತಕರಿಗೆ ನೆನಪಿದೆ. ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಬೋರ್ಡ್ ಬಿದ್ದವು. ನೋಟಿಸ್ ಸರಿನಾ ತಪ್ಪಾ ಅನ್ನೋದು ಬೇರೆ ಚರ್ಚೆ. ಆದರೆ ಒಂದು ಅನುಕೂಲಕ್ಕೆ ಅಂತ ಹುಟ್ಟಿದ ಡಿಜಿಟಲ್ ದಾಖಲೆ ಇನ್ನೊಂದು ಕೆಲಸಕ್ಕೆ ಬಳಕೆ ಆಗಬಹುದು ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ಮಗುವಿನ ಕಲಿಕೆಯ ದಾಖಲೆ ಅದಕ್ಕಿಂತ ಸೂಕ್ಷ್ಮ. ಎಂಟು ವರ್ಷದ ಹುಡುಗಿ ತಡವರಿಸಿ ಓದಿದ ವಿಡಿಯೊ ಗ್ರೂಪಿಗೆ ಬಿದ್ದರೆ ಊರೆಲ್ಲ ನೋಡುತ್ತೆ, ಯಾರೋ ಸ್ಟೇಟಸ್ ಹಾಕ್ತಾರೆ. ಆ ಹುಡುಗಿ ಮತ್ತೆ ಜೋರಾಗಿ ಓದೋಕೆ ಹೆದರಬಹುದು. 2025ರಲ್ಲೇ ಶಾಲೆಗಳಲ್ಲಿ ಮುಖಚಹರೆ ಆಧಾರಿತ ಹಾಜರಾತಿ ಪ್ರಸ್ತಾಪ ಬಂದಾಗ ಮಕ್ಕಳ ಖಾಸಗಿತನದ ಬಗ್ಗೆ ಆಕ್ಷೇಪ ಎದ್ದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಪೋಷಕರ ಖಚಿತ ಒಪ್ಪಿಗೆ ಬೇಕು ಅನ್ನುತ್ತೆ, ಕೆಲವು ವಿನಾಯಿತಿಗಳೂ ಇವೆ. ಕಾನೂನಿನ ಸೂಕ್ಷ್ಮ ಏನೇ ಇರಲಿ, ನಿಯಮ ಸರಳ: ಮಗುವಿನ ಹಾಳೆ ಆ ಮಗುವಿನ ಮನೆಗೆ ಮಾತ್ರ ಹೋಗಬೇಕು, ಗ್ರೂಪಿಗಲ್ಲ. ಮುಖ ಬೇಡ, ಬರಹ ಸಾಕು.

ಖರ್ಚಿಲ್ಲದೆ ಆಗುವಂಥದ್ದು

ಹೊಸ ಆ್ಯಪ್, ಹೊಸ ಆದೇಶಕ್ಕೆ ಕಾಯದೆ ಒಂದು ಶಾಲೆ, ಒಂದು ಎಸ್‌ಡಿಎಂಸಿ ಸೇರಿ ಶುರು ಮಾಡಬಹುದಾದ ಕೆಲಸ ಇದು:

- ವರ್ಷಕ್ಕೆ ಮೂರು ಸಲ, ಜೂನ್, ಅಕ್ಟೋಬರ್, ಫೆಬ್ರುವರಿಯಲ್ಲಿ, ಮಗು ಅದೇ ಮಟ್ಟದ ಒಂದು ಪುಟ ಓದಿದ್ದನ್ನ 30 ಸೆಕೆಂಡ್ ಆಡಿಯೊ ಮಾಡೋದು. ಮೂರನ್ನೂ ಒಂದಾದ ಮೇಲೊಂದು ಕೇಳಿದ್ರೆ ಓದು ಬಾರದ ಅಜ್ಜಿಗೂ ವ್ಯತ್ಯಾಸ ತಿಳಿಯುತ್ತೆ. ಭಾಷೆ ಬಾರದ ತಾಯಿಗೂ ಮಗು ತಡವರಿಸೋದು ಕೇಳಿಸುತ್ತೆ.
- ತಿಂಗಳಿಗೊಂದು ಲೆಕ್ಕದ ಹಾಳೆಯ ಫೋಟೊ, ಜೊತೆಗೆ ಮೇಷ್ಟ್ರ ದನಿಯಲ್ಲಿ ಎರಡೇ ಮಾತು: ಏನು ಬರುತ್ತೆ, ಮನೇಲಿ ಏನು ಮಾಡಿಸಬೇಕು.
- ಮನೇಲಿ ಮಾಡಿಸೋ ಕೆಲಸ ಮನೆಯ ಕೆಲಸವೇ ಆಗಿರಲಿ. ಕುಯ್ದ ಕಾಫಿ ಎಷ್ಟು ಕೆ.ಜಿ., ಕೆ.ಜಿ.ಗೆ ಎಷ್ಟು ಕೂಲಿ, ವಾರಕ್ಕೆ ಎಷ್ಟಾಯ್ತು? ಅಂಗಡಿ ಚೀಟಿ ಕೂಡಿಸು. ಬಸ್ಸಿನ ಬೋರ್ಡ್ ಓದು.
- ಫೋನ್ ಇಲ್ಲದ ಮನೆಯ ಪಟ್ಟಿ ಮೊದಲೇ ಮಾಡಿ, ಆ ಮನೆಗಳಿಗೆ ಕಾಗದದ ಕೃತಿ ಸಂಪುಟವನ್ನೇ ಒಂದು ರಾತ್ರಿಗೆ ಕೊಟ್ಟು ಕಳಿಸೋದು. ಕಳೆದುಹೋಗುತ್ತೆ ಅಂತ ಬೀರುವಿನಲ್ಲಿಟ್ಟರೆ ಅದು ಯಾರಿಗೂ ಇಲ್ಲದ ಹಾಗೆ.
- ಪೋಷಕರ ಸಭೆಯನ್ನ ಕೂಲಿ ಬಟವಾಡೆ ಮತ್ತು ಸಂತೆ ದಿನ ನೋಡಿಕೊಂಡು ಇಡೋದು. ಕುಯ್ಲಿನ ಕಾಲದಲ್ಲಿ ಸಂಜೆ ಆರರ ಮೇಲೆ ಲೈನಿನ ಹತ್ತಿರವೇ ಅರ್ಧ ಗಂಟೆ ಕೂತರೂ ಆದೀತು. ಆನೆ ಓಡಾಟ ಇರೋ ದಿನ ಬೇಡ.
- ಮಗುವಿನ ತಾಯಿಯ ನಂಬರ್ ಕೂಡ ದಾಖಲಾಗಲಿ, ಅಪ್ಪನದ್ದು ಮಾತ್ರ ಅಲ್ಲ.

ಅಂಗಡಿಯವರಿಗೂ ಇಲ್ಲಿ ಕೆಲಸ ಇದೆ. ಶಾಲೆಯಿಂದ ಬಂದ ಮೆಸೇಜನ್ನ ಓದಿಕೊಡಿ ಅಂತ ಕೂಲಿಯವರು ಫೋನ್ ಹಿಡಿದು ಬರೋದು ರೀಚಾರ್ಜ್ ಅಂಗಡಿಗೆ, ಜೆರಾಕ್ಸ್ ಅಂಗಡಿಗೆ. ಅಂಥ ಎರಡು ಅಂಗಡಿಯವರು ಶಾಲೆ ಜೊತೆ ಮಾತಾಡಿಕೊಂಡರೆ, ಫೋನ್ ಇಲ್ಲದವರ ಮಗುವಿನ ಹಾಳೆ ಪ್ರಿಂಟ್ ತೆಗೆದು ಕೊಡೋದು ದೊಡ್ಡ ಖರ್ಚಲ್ಲ. ಮಗುವಿನ ಗುಟ್ಟು ಕೌಂಟರಿನಲ್ಲೇ ಉಳಿಯಬೇಕು, ಅಷ್ಟೇ.

ಪಣಕ್ಕಿರೋದು ಶಾಲೆಯೇ

2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ಊರೆಲ್ಲ ಹೆಮ್ಮೆಪಟ್ಟಿತ್ತು. ಹತ್ತನೇ ಕ್ಲಾಸಿನ ಫಲಿತಾಂಶ ಪತ್ರಿಕೆಗೆ ಬರುತ್ತೆ, ಫ್ಲೆಕ್ಸ್ ಆಗುತ್ತೆ. ಆದರೆ ಹತ್ತರಲ್ಲಿ ಬಿದ್ದ ಮಗು ಬಿದ್ದಿದ್ದು ಎಷ್ಟೋ ಸಲ ಮೂರನೇ ಕ್ಲಾಸಿನಲ್ಲಿ, ಓದು ಕೂಡಿ ಬರದೇ ಇದ್ದಾಗ. ಅದು ಯಾವ ಫ್ಲೆಕ್ಸಿಗೂ ಬರಲ್ಲ, ಮನೆಗೂ ಗೊತ್ತಾಗಿರಲ್ಲ.

ಇನ್ನೊಂದು ಕಡೆ ಊರ ಸರ್ಕಾರಿ ಶಾಲೆಯ ಮಕ್ಕಳ ಸಂಖ್ಯೆ ಇಳೀತಿದೆ ಅನ್ನೋದು ಬಹಳ ಊರುಗಳ ದೂರು. ಹತ್ತಿರದ ಸಣ್ಣ ಶಾಲೆಗಳನ್ನ ದೊಡ್ಡ ಶಾಲೆಗೆ ಸೇರಿಸಿಬಿಡ್ತಾರೆ ಅನ್ನೋ ಆತಂಕವೂ ರಾಜ್ಯದಲ್ಲಿ ಇದೆ. ಖಾಸಗಿ ಶಾಲೆ ವ್ಯಾನ್ ಬಾಗಿಲಿಗೆ ಬರುತ್ತೆ, ಟೈ ಕಾಣುತ್ತೆ, ಇಂಗ್ಲಿಷ್ ಪದ್ಯ ಕೇಳಿಸುತ್ತೆ. ಪೋಷಕರು ಕಂಡದ್ದನ್ನ ನೋಡಿ ತೀರ್ಮಾನ ಮಾಡ್ತಾರೆ. ಸರ್ಕಾರಿ ಶಾಲೆಯಲ್ಲಿ ಮಗು ಕಲಿತದ್ದು ಬೀರುವಿನಲ್ಲಿದ್ದರೆ ಯಾರಿಗೆ ಕಾಣುತ್ತೆ?

ಹಾಗಂತ ಕಾಣಿಸೋದು ಅಂದ್ರೆ ಚೆಂದದ ಫೋಟೊ ಹಾಕೋದಲ್ಲ. ಮಗುವಿಗೆ ಬಾರದೇ ಇರೋದನ್ನೂ ಹೇಳೋ ಧೈರ್ಯ ಶಾಲೆಗೆ ಬೇಕು, ಅದನ್ನ ಕೇಳಿ ಮಗುವಿಗೆ ಹೊಡೀದೆ ಕೂತು ಹೇಳಿಕೊಡೋ ತಾಳ್ಮೆ ಮನೆಗೆ ಬೇಕು.

ಮುಂದಿನ ಸಲ ಶಾಲೆಗೆ ಹೋದಾಗ ಪೋಷಕರು ಎಷ್ಟು ಮಾರ್ಕ್ಸ್ ಬಂತು ಅಂತ ಕೇಳೋ ಬದಲು, ನಮ್ಮ ಹುಡುಗನ ಕೃತಿ ಸಂಪುಟ ತೋರಿಸಿ ಮೇಡಂ ಅಂತ ಕೇಳಬಹುದು. ಅದಕ್ಕೆ ನೆಟ್‌ವರ್ಕೂ ಬೇಡ, ಆ್ಯಪೂ ಬೇಡ.